ಫಲಿತಾಂಶದ ದಿನ ಮತ್ತು ಅದರ ಮರುದಿನ

(ಕೆದಂಬಾಡಿಯಲ್ಲಿ ನಡೆದ ಟ್ರಸ್ಟಿನ ವಾರ್ಷಿಕ ಮಹಾಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಆಯ್ಕೆ ಸಮಿತಿಯ ಸದಸ್ಯರಾದ ನಿವೃತ್ತ ಪ್ರೌಢಶಾಲಾ ಶಿಕ್ಷಕರು ಮಾಡಿದ ಭಾಷಣದ ಪಠ್ಯ)





ಪ್ರತಿ ವರ್ಷ ಈ ಸಭೆಯಲ್ಲಿ ಯಾರಾದರೂ ಒಬ್ಬರು ಮಕ್ಕಳಿಗೆ ನಾಲ್ಕು ಹಿತದ ಮಾತು ಹೇಳುವ ರೂಢಿ ಉಂಟು. ಈ ಸಲ ಆ ಕೆಲಸ ನಮ್ಮ ಪಾಲಿಗೆ ಬಂದಿದೆ. ನಾವು 33 ವರ್ಷ ಹಳ್ಳಿಯ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿದವರು. ನಿವೃತ್ತಿಯ ನಂತರ ಟ್ರಸ್ಟಿನ ಆಯ್ಕೆ ಸಮಿತಿಯಲ್ಲಿ ಕೂತು ಅರ್ಜಿಗಳನ್ನು ನೋಡುತ್ತಿದ್ದೇವೆ. ಚೆನ್ನಾಗಿ ಓದಿ, ಒಳ್ಳೆಯ ಅಂಕ ತೆಗೆಯಿರಿ ಎಂದು ಹೇಳಿ ಕೂತುಬಿಡಬಹುದಿತ್ತು. ಆದರೆ ಅದನ್ನು ನೀವು ಮನೆಯಲ್ಲಿ, ಶಾಲೆಯಲ್ಲಿ, ಮದರಸದಲ್ಲಿ, ಬಸ್ಸಿನಲ್ಲಿ ಕೂಡ ಕೇಳಿದ್ದೀರಿ. ಇಂದು ನಾವು ಹೇಳಬೇಕೆಂದಿರುವುದು ಅಂಕ ಬಂದ ಮರುದಿನದ ವಿಷಯ. ಮಗು ತನ್ನ ಬಗ್ಗೆ ತಾನೇ ಇಟ್ಟುಕೊಂಡಿರುವ ಗೌರವ ಒಂದು ಫಲಿತಾಂಶದಿಂದ ಇನ್ನೊಂದು ಫಲಿತಾಂಶಕ್ಕೆ ಏರಿ ಬಿದ್ದು ಮಾಡುತ್ತಿದ್ದರೆ ಆ ಮಗುವಿನ ಬದುಕಿಗೆ ಏನಾಗುತ್ತದೆ ಎಂಬ ವಿಷಯ. ಇದರಲ್ಲಿ ನಮ್ಮದೊಂದು ತಪ್ಪೂ ಉಂಟು. ಅದನ್ನು ಮೊದಲು ಒಪ್ಪಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಬ್ಬಳು ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 609 ಅಂಕ ತೆಗೆದಳು. ತಂದೆಗೆ ರಬ್ಬರ್ ಟ್ಯಾಪಿಂಗ್ ಕೆಲಸ, ತಾಯಿ ಮನೆಯಲ್ಲಿ ಬೀಡಿ ಕಟ್ಟುವವರು. ರಸ್ತೆ ಬದಿಯಲ್ಲಿ ಅವಳ ಫೋಟೋ ಇದ್ದ ಫ್ಲೆಕ್ಸ್ ಎದ್ದಿತು. ಮೂರು ಕಡೆ ಪ್ರತಿಭಾ ಪುರಸ್ಕಾರವಾಯಿತು. ಅದರಲ್ಲಿ ಒಂದು ಇದೇ ವೇದಿಕೆಯಲ್ಲಿ. ‘ನಮ್ಮ ಊರಿನ ಡಾಕ್ಟರ್’ ಎಂದು ನಾವೇ ಮೈಕ್‌ನಲ್ಲಿ ಕರೆದೆವು. ಹತ್ತು ವರ್ಷ ಕನ್ನಡದಲ್ಲಿ ಓದಿದ ಹುಡುಗಿ ಪಿಯುಸಿಗೆ ವಿಜ್ಞಾನ ತೆಗೆದುಕೊಂಡಳು. ಅಲ್ಲಿ ಎಲ್ಲ ಇಂಗ್ಲಿಷು. ಮೊದಲ ವರ್ಷದ ಕೊನೆಗೆ ಅವಳಿಗೆ ಬಂದದ್ದು ಶೇಕಡಾ 61. ಪಾಸು, ಮಾನದ ಪಾಸು. ಆದರೆ ಆಗ ನಮ್ಮ ನಿಯಮ ಶೇಕಡಾ 75. ಸಮಿತಿಯಿಂದ ಎರಡು ಸಾಲಿನ ಪತ್ರ ಹೋಯಿತು: ನಿಗದಿತ ಅರ್ಹತೆ ಇಲ್ಲದ ಕಾರಣ ವಿದ್ಯಾರ್ಥಿವೇತನ ಮುಂದುವರಿಸಲು ಸಾಧ್ಯವಿಲ್ಲ. ಕೆಳಗೆ ಸಹಿ ನಮ್ಮದು.

ಎರಡನೇ ವರ್ಷ ಅವಳು ಕಾಲೇಜಿಗೆ ಹೋಗಲಿಲ್ಲ. ಹಣದ ತೊಂದರೆ ಇರಬಹುದು ಎಂದುಕೊಂಡೆವು. ಸುಮಾರು ಸಮಯದ ನಂತರ ಮನೆಗೆ ಹೋದಾಗ ಅವಳು ಒಳಗಿಂದ ಹೊರಗೆ ಬರಲಿಲ್ಲ. ಅವಳ ಉಮ್ಮ ಹೇಳಿದರು: ‘ಮಾಷ್ಟ್ರೇ, ಫೀಸಿಗೆ ಹೇಗಾದರೂ ಮಾಡ್ತಿದ್ದೆವು. ಅರ್ಹತೆ ಇಲ್ಲ ಅಂತ ಬರೆದಿದ್ದಿರಲ್ಲ, ಆ ಕಾಗದವನ್ನು ಅವಳು ದಿಂಬಿನ ಅಡಿಯಲ್ಲಿ ಇಟ್ಟುಕೊಂಡಿದ್ದಾಳೆ. ಮೊದಲು ಕೊಟ್ಟದ್ದೂ ತಪ್ಪಿ ಕೊಟ್ಟದ್ದು ಅಂತ ಹೇಳ್ತಾಳೆ.’

ನಾವು ಬರೆದದ್ದು ನಿಯಮದ ಅರ್ಹತೆ. ಅವಳು ಓದಿದ್ದು ಮನುಷ್ಯಳಾಗಿ ತನ್ನ ಅರ್ಹತೆ. ಹದಿನೇಳು ವರ್ಷದ ಮಗುವಿಗೆ ಈ ಎರಡನ್ನು ಬೇರೆ ಮಾಡಿ ನೋಡಲು ಯಾರೂ ಕಲಿಸಿರಲಿಲ್ಲ. ಫ್ಲೆಕ್ಸ್ ಹಾಕಿದ ದಿನ ನಾವು ಎರಡನ್ನೂ ಒಂದೇ ಎಂದು ಕಲಿಸಿದ್ದೆವು.

ಆ ದಿನ ಮನೆಗೆ ಬಂದ ಮೇಲೆ ನಾವು ಬಿ.ಎಡ್. ಕಾಲದಲ್ಲಿ ಓದಿ ಮರೆತಿದ್ದ ಮನೋವಿಜ್ಞಾನವನ್ನು ಮತ್ತೆ ಹುಡುಕಿ ಓದಲು ತೊಡಗಿದೆವು. ಓದಿದ್ದರಲ್ಲಿ ಉಪಯೋಗಕ್ಕೆ ಬರುವುದನ್ನು ಸರಳವಾಗಿ ಹೇಳುತ್ತೇವೆ.

ಆತ್ಮಗೌರವ ಎಂದರೆ ನನ್ನ ಬೆಲೆ ಏನು ಎಂದು ಮನಸ್ಸಿನೊಳಗೆ ನಾವೇ ಇಟ್ಟುಕೊಂಡಿರುವ ಲೆಕ್ಕ. ಅಮೆರಿಕದ ಮಾರಿಸ್ ರೋಸೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು 1965ರಲ್ಲಿ ಇದನ್ನು ಅಳೆಯಲು ಹತ್ತು ಹೇಳಿಕೆಗಳ ಒಂದು ಪಟ್ಟಿ ಪ್ರಕಟಿಸಿದರು. ನನ್ನಲ್ಲಿ ಒಳ್ಳೆಯ ಗುಣಗಳಿವೆಯೇ, ನಾನು ಉಳಿದವರಷ್ಟೇ ಬೆಲೆಯುಳ್ಳವನೇ ಎಂಬಂಥ ವಿಷಯಗಳಿಗೆ ಒಪ್ಪಿಗೆ ಉಂಟೋ ಇಲ್ಲವೋ ಹೇಳಬೇಕು. ಜಗತ್ತಿನ ತುಂಬ ಈಗಲೂ ಅದೇ ಪಟ್ಟಿ ಬಳಕೆಯಲ್ಲಿದೆ. ಬಹಳ ಕಾಲ ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: ಆತ್ಮಗೌರವ ಹೆಚ್ಚೋ ಕಡಿಮೆಯೋ? ಹೆಚ್ಚಿದ್ದರೆ ಒಳ್ಳೆಯದು, ಕಡಿಮೆಯಿದ್ದರೆ ಹೆಚ್ಚಿಸಬೇಕು ಎಂಬ ಲೆಕ್ಕ.

1980ರ ದಶಕದ ಕೊನೆಗೆ ಮೈಕಲ್ ಕರ್ನಿಸ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ಇನ್ನೊಂದು ಪ್ರಶ್ನೆ ಕೇಳಿದರು. ಒಂದೇ ದಿನ ಕೇಳಿ ಬಿಡದೆ, ಹಲವು ದಿನಗಳ ಕಾಲ ಮತ್ತೆ ಮತ್ತೆ ಅದೇ ಜನರಿಂದ ‘ಈ ಗಳಿಗೆಯಲ್ಲಿ ನಿಮ್ಮ ಬಗ್ಗೆ ನಿಮಗೆ ಹೇಗನಿಸುತ್ತದೆ’ ಎಂದು ಬರೆಸಿದರು. ಕೆಲವರ ಉತ್ತರ ದಿನದಿಂದ ದಿನಕ್ಕೆ ಹೆಚ್ಚು ಕಡಿಮೆ ಒಂದೇ. ಕೆಲವರದ್ದು ಬೆಳಿಗ್ಗೆ ಮೇಲೆ, ಸಂಜೆ ಕೆಳಗೆ. 1989ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸಂಗತಿ ಸ್ಪಷ್ಟವಾಗಿ ಕಂಡಿತು. ಆತ್ಮಗೌರವ ಎತ್ತರದಲ್ಲಿದ್ದೂ ಅಲುಗಾಡುತ್ತಿದ್ದವರಲ್ಲಿ ಸಿಟ್ಟು, ಹಗೆತನ ಎಲ್ಲರಿಗಿಂತ ಹೆಚ್ಚು. ಎತ್ತರವಾಗಿಯೂ ಸ್ಥಿರವಾಗಿಯೂ ಇದ್ದವರಲ್ಲಿ ಎಲ್ಲರಿಗಿಂತ ಕಡಿಮೆ. ಅಂದರೆ ಎತ್ತರ ಒಂದನ್ನೇ ನೋಡಿದರೆ ಈ ಇಬ್ಬರೂ ಒಂದೇ ಸಾಲಿನಲ್ಲಿ ಕೂರುತ್ತಾರೆ. ಒಳಗಿನ ಬದುಕು ಮಾತ್ರ ಪೂರಾ ಬೇರೆ.

ನಮ್ಮ ಊರಿನ ನೀರನ್ನು ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ಜುಲೈ ತಿಂಗಳಲ್ಲಿ ನಮ್ಮ ತೋಡುಗಳ ಆರ್ಭಟ ನೋಡಿದ್ದೀರಿ. ಮಕ್ಕಳನ್ನು ದಾಟಿಸಲು ಹೆದರಿಕೆ. ಅದೇ ತೋಡು ಏಪ್ರಿಲ್‌ನಲ್ಲಿ ಬರೀ ಕಲ್ಲು. ಕಾಸರಗೋಡು, ಪುತ್ತೂರು, ಬಂಟ್ವಾಳದ ಕಡೆ ಹಿರಿಯರು ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗಗಳೂ ಉಂಟು. ಅಲ್ಲಿ ನೀರು ನೂಲಿನ ಹಾಗೆ ಸಣ್ಣಗೆ ಇಳಿಯುತ್ತದೆ, ನೋಡಲು ಏನೂ ಇಲ್ಲ. ಆದರೆ ಒಳ್ಳೆಯ ಸುರಂಗ ಬೇಸಗೆಯಲ್ಲೂ ಮನೆಯನ್ನು, ತೋಟವನ್ನು ಸಾಕುತ್ತದೆ. ಪ್ರತಿಭಾ ಪುರಸ್ಕಾರದ ದಿನ ಮಗುವಿನ ಮನಸ್ಸಿನಲ್ಲಿ ತುಂಬುವುದು ತೋಡಿನ ನೀರು. ಮಗುವಿಗೆ ಬೇಸಗೆಗೂ ಉಳಿಯುವ ನೀರು ಬೇಕು.

ಆತ್ಮಗೌರವ ಯಾಕೆ ಅಲುಗಾಡುತ್ತದೆ? ಒಂದೇ ಗೂಟಕ್ಕೆ ಕಟ್ಟಿದರೆ ಅಲುಗಾಡುತ್ತದೆ. ಜೆನಿಫರ್ ಕ್ರಾಕರ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಪಿಯುಸಿ ಮಕ್ಕಳ ಮನೆಯ ಕಥೆಯ ಹಾಗೆಯೇ ಇದೆ. ಪದವಿ ಮುಗಿಸುತ್ತಿದ್ದ ಕೆಲವು ವಿದ್ಯಾರ್ಥಿಗಳು ಮುಂದಿನ ಓದಿಗೆ ಬೇರೆ ಬೇರೆ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಿದ್ದರು. ಸೀಟು ಸಿಕ್ಕಿತು ಎಂಬ ಕಾಗದ ಬಂದ ದಿನ, ಇಲ್ಲ ಎಂಬ ಕಾಗದ ಬಂದ ದಿನ, ಯಾವ ಕಾಗದವೂ ಬಾರದ ದಿನ, ಮೂರೂ ಬಗೆಯ ದಿನಗಳಲ್ಲಿ ಅವರ ಆತ್ಮಗೌರವವನ್ನು ಅಳೆದರು. ತನ್ನ ಬೆಲೆಯೆಲ್ಲ ಓದಿನಲ್ಲೇ ಇದೆ ಎಂದು ನಂಬಿದವರು ಒಂದು ಕಾಗದಕ್ಕೆ ಹೆಚ್ಚು ಮೇಲೆ ಹಾರಿದರು, ಇನ್ನೊಂದು ಕಾಗದಕ್ಕೆ ಹೆಚ್ಚು ಕೆಳಗೆ ಬಿದ್ದರು. ನಮ್ಮ ಹುಡುಗಿಗೂ ಬಂದದ್ದು ಒಂದು ಕಾಗದವೇ.

ನಮ್ಮ ಜಿಲ್ಲೆಯಲ್ಲಿ ಈ ಗೂಟ ಬಹಳ ಗಟ್ಟಿ. ಬುದ್ಧಿವಂತರ ಜಿಲ್ಲೆ ಎಂಬ ಹೆಸರು ಹಳೆಯದು. ಎಸ್ಸೆಸ್ಸೆಲ್ಸಿಯಲ್ಲಿ 2024ರಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಇದು ಸಂತೋಷದ ವಿಷಯ, ನಾವು ಮೇಷ್ಟ್ರುಗಳು ಬೆವರು ಸುರಿಸಿದ್ದರ ಫಲವೂ ಹೌದು. ಆದರೆ ಎಲ್ಲರೂ ಪಾಸಾಗುವ ಊರಿನಲ್ಲಿ ಫೇಲಾದ ಮಗು ಬಹಳ ಒಂಟಿ. ಎಲ್ಲರೂ ತೊಂಬತ್ತು ತೆಗೆಯುವ ಮನೆಯಲ್ಲಿ ಎಪ್ಪತ್ತು ತೆಗೆದ ಮಗು ಊಟಕ್ಕೆ ಕೊನೆಗೆ ಬಂದು ಕೂರುತ್ತದೆ. ಫಲಿತಾಂಶದ ಸಂಜೆ ನೆಂಟರ ಫೋನು ಬರುವ ಹೊತ್ತಿಗೆ ಆ ಮಗು ಎಲ್ಲಿದೆ ಎಂದು ಒಮ್ಮೆ ನೋಡಿ.

ಸರ್ಕಾರ ಕೂಡ ಇದನ್ನು ಸ್ವಲ್ಪ ಮನಗಂಡ ಹಾಗಿದೆ. 2024ರಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವಾರ್ಷಿಕ ಪರೀಕ್ಷೆ ಒಂದು, ಎರಡು, ಮೂರು ಎಂದು ಮೂರು ಅವಕಾಶ ಬಂತು. ಪೂರಕ ಪರೀಕ್ಷೆ ಎಂಬ ಹೆಸರು ಹೋಯಿತು. ಮೂರರಲ್ಲಿ ಯಾವುದರಲ್ಲಿ ಒಳ್ಳೆಯ ಅಂಕ ಬಂತೋ ಅದನ್ನು ಇಟ್ಟುಕೊಳ್ಳಬಹುದಿತ್ತು. ಕಾಗದದ ಮೇಲೆ ಮೊದಲ ಪರೀಕ್ಷೆ ಈಗ ಕೊನೆಯ ಮಾತಲ್ಲ. ಮನೆಯಲ್ಲೂ ಅದು ಕೊನೆಯ ಮಾತಾಗದೆ ಇರಲಿ ಎಂಬುದು ನಮ್ಮ ಕೋರಿಕೆ.

ಇನ್ನು ತಂದೆಯರಿಗೆ ಒಂದು ಮಾತು. ಕರ್ನಿಸ್ ಮತ್ತು ಸಂಗಡಿಗರು 2000ದಲ್ಲಿ ಹನ್ನೊಂದು ಹನ್ನೆರಡು ವರ್ಷದ ಮಕ್ಕಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಆತ್ಮಗೌರವ ಅಲುಗಾಡುತ್ತಿದ್ದ ಮಕ್ಕಳು ತಮ್ಮ ತಂದೆಯ ಬಗ್ಗೆ ಹೇಳಿದ್ದು ಏನು ಗೊತ್ತೇ? ತಂದೆ ಹೆಚ್ಚು ತಪ್ಪು ಹಿಡಿಯುತ್ತಾರೆ, ಒಳ್ಳೆಯದು ಮಾಡಿದಾಗ ಅದನ್ನು ಗಮನಿಸಿ ಮೆಚ್ಚುವುದು ಕಡಿಮೆ ಎಂದು. ನಮ್ಮ ಕಡೆ ಎಷ್ಟೋ ತಂದೆಯರು ಗಲ್ಫಿನಲ್ಲಿದ್ದಾರೆ. ಬಿಸಿಲಿನಲ್ಲಿ ದುಡಿದು, ಕೋಣೆಯಲ್ಲಿ ಐದಾರು ಜನ ಮಲಗಿ, ಮಕ್ಕಳ ಓದಿಗೆಂದು ಕಳಿಸುವವರು. ಅವರ ಪ್ರೀತಿಯ ಬಗ್ಗೆ ಯಾರಿಗೂ ಅನುಮಾನ ಇಲ್ಲ. ಆದರೆ ಫೋನಿನಲ್ಲಿ ಸಿಗುವುದು ಹತ್ತು ನಿಮಿಷ. ಉಮ್ಮ ಫೋನು ಮಗನ ಕೈಗೆ ಕೊಟ್ಟ ಕೂಡಲೇ ಉಪ್ಪ ಕೇಳುವ ಮೊದಲ ಪ್ರಶ್ನೆ, ‘ಟೆಸ್ಟಿನಲ್ಲಿ ಎಷ್ಟು ಬಂತು?’ ಒಂದು ಹುಡುಗ ನಮ್ಮ ಹತ್ತಿರ ಹೇಳಿದ್ದ: ‘ಸರ್, ಕಡಿಮೆ ಬಂದ ವಾರ ನಾನು ಉಪ್ಪನ ಫೋನು ಬರುವಾಗ ಅಂಗಡಿಗೆ ಹೋಗ್ತೇನೆ.’ ಅಷ್ಟು ದೂರದಿಂದ ಬಂದ ತಂದೆಯ ಧ್ವನಿಯನ್ನು ಆ ಮಗು ಅಂಕದ ಹೆದರಿಕೆಯಿಂದ ಕಳೆದುಕೊಂಡಿತು. ಮೊದಲ ಐದು ನಿಮಿಷ ಬೇರೆ ಮಾತಾಡಿ. ಏನು ತಿಂದೆ, ಯಾರ ಜೊತೆ ಆಡಿದೆ, ಅಡಿಕೆ ಒಣಗಿತಾ, ಅಜ್ಜಿಯ ಕಾಲುನೋವು ಹೇಗಿದೆ ಎಂದು ಕೇಳಿ. ಅಂಕ ಆರನೇ ನಿಮಿಷಕ್ಕೆ ಬಂದರೂ ಓಡಿಹೋಗುವುದಿಲ್ಲ.

ನಾವು ಮೇಷ್ಟ್ರುಗಳು ಕೂಡ ಕಡಿಮೆಯವರಲ್ಲ. ಸುಮಾರು ಇಪ್ಪತ್ತು ವರ್ಷ ನಾವು ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಅಂಕದ ಕ್ರಮದಲ್ಲಿ ಜೋಡಿಸಿ, ಹೆಚ್ಚು ಬಂದವರಿಂದ ಸುರು ಮಾಡಿ ಹೆಸರು ಕರೆದು ಕೊಡುತ್ತಿದ್ದೆವು. ಕೊನೆಗೆ ಉಳಿದ ನಾಲ್ಕೈದು ಮಕ್ಕಳು ತಲೆ ಬಗ್ಗಿಸಿ ಕೂತಿರುತ್ತಿದ್ದರು. ಹಾಗೆ ಮಾಡಿದರೆ ಛಲ ಬರುತ್ತದೆ ಎಂದು ನಾವು ನಂಬಿದ್ದೆವು. ಕೆಲವರಿಗೆ ಬಂದಿರಬಹುದು. ಒಂದು ದಿನ ಕೊನೆಯ ಸಾಲಿನ ಹುಡುಗ, ಮನೆಯಲ್ಲಿ ಬ್ಯಾರಿ ಭಾಷೆ, ರಸ್ತೆಯಲ್ಲಿ ತುಳು, ಕನ್ನಡ ಶಾಲೆಗೆ ಬಂದ ಮೇಲೆ ಕಲಿತವನು, ಪತ್ರಿಕೆ ತೆಗೆದುಕೊಳ್ಳುವಾಗ ಮೆಲ್ಲಗೆ ಹೇಳಿದ: ‘ಸರ್, ಲೆಕ್ಕ ನನಗೆ ಗೊತ್ತುಂಟು. ಲೆಕ್ಕದ ಕನ್ನಡ ಗೊತ್ತಾಗುವುದಿಲ್ಲ.’ ಮಾತಿನ ರೂಪದ ಲೆಕ್ಕಗಳಲ್ಲಿ ಅವನು ಸೋಲುತ್ತಿದ್ದದ್ದು ಹಾಗೆ. ಮರುದಿನ ಅದೇ ಲೆಕ್ಕವನ್ನು ಬ್ಯಾರಿಯಲ್ಲಿ ಹೇಳಿ ನೋಡಿದೆವು. ಮಾಡಿದ. ವರ್ಷಗಟ್ಟಲೆ ಆ ಹುಡುಗ ತಾನು ದಡ್ಡ ಎಂದು ನಂಬಿ ಬಂದಿದ್ದ. ನಮ್ಮ ಕರೆಯುವ ಕ್ರಮ ಆ ನಂಬಿಕೆಗೆ ತಿಂಗಳಿಗೊಮ್ಮೆ ಮೊಹರು ಒತ್ತುತ್ತಿತ್ತು. ಆಮೇಲೆ ನಾವು ಪತ್ರಿಕೆಗಳನ್ನು ಹಾಜರಿ ಪುಸ್ತಕದ ಕ್ರಮದಲ್ಲಿ, ಮಡಚಿ ಕೊಡಲು ತೊಡಗಿದೆವು. ತಡವಾಗಿ ಬಂದ ಬುದ್ಧಿ.

ಹಾಗಾದರೆ ಮಕ್ಕಳನ್ನು ಹೊಗಳುತ್ತಲೇ ಇರಬೇಕೇ ಎಂದು ಕೇಳಬಹುದು. ಅಲ್ಲಿಯೂ ಎಚ್ಚರ ಬೇಕು. ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ಐದನೇ ತರಗತಿಯ ಮಕ್ಕಳ ಮೇಲೆ ನಡೆದವು. ಒಂದಿಷ್ಟು ಸಮಸ್ಯೆ ಬಿಡಿಸಿದ ಮೇಲೆ ಕೆಲವು ಮಕ್ಕಳಿಗೆ ‘ನೀನು ಬುದ್ಧಿವಂತ’ ಎಂದರು, ಕೆಲವರಿಗೆ ‘ನೀನು ಚೆನ್ನಾಗಿ ಶ್ರಮಪಟ್ಟೆ’ ಎಂದರು. ಆಮೇಲೆ ಬಹಳ ಕಷ್ಟದ ಸಮಸ್ಯೆ ಕೊಟ್ಟರು, ಎಲ್ಲರೂ ಎಡವಿದರು. ಮತ್ತೆ ಮೊದಲಿನಂಥ ಸಮಸ್ಯೆ ಕೊಟ್ಟಾಗ ಬುದ್ಧಿವಂತ ಎನಿಸಿಕೊಂಡ ಮಕ್ಕಳು ಮೊದಲಿಗಿಂತ ಕಡಿಮೆ ಮಾಡಿದರು. ಶ್ರಮವನ್ನು ಮೆಚ್ಚಿಸಿಕೊಂಡವರು ಮೊದಲಿಗಿಂತ ಚೆನ್ನಾಗಿ ಮಾಡಿದರು. ಅದಕ್ಕಿಂತ ಮುಖ್ಯ, ತಮ್ಮ ಅಂಕವನ್ನು ಬೇರೆ ಮಕ್ಕಳಿಗೆ ಬರೆದು ತಿಳಿಸುವಾಗ ಸುಳ್ಳು ಹೆಚ್ಚಿಸಿ ಬರೆದವರು ಬುದ್ಧಿವಂತ ಗುಂಪಿನಲ್ಲೇ ಹೆಚ್ಚು. ಹೊಗಳಿಕೆಯಿಂದ ಏರಿದ್ದು ಸೋಲಿನಿಂದ ಇಳಿಯುತ್ತದೆ ಎಂಬ ಹೆದರಿಕೆ ಆ ಮಕ್ಕಳಿಗೆ ಅಷ್ಟು ಬೇಗ ಹುಟ್ಟಿತು. ನಮ್ಮ ಹುಡುಗಿಯನ್ನು ಡಾಕ್ಟರ್ ಎಂದು ಕರೆದದ್ದು ಇದೇ ಬಗೆಯ ಹೊಗಳಿಕೆ.

ಇದರ ಅರ್ಥ ತಪ್ಪನ್ನು ತಪ್ಪು ಎನ್ನಬಾರದು ಎಂದಲ್ಲ. ಗಣಿತದ ಮೇಷ್ಟ್ರುಗಳಿಗೆ ತಪ್ಪು ಉತ್ತರ ತಪ್ಪೇ. ಓದದೆ ಫೇಲಾದ ಮಗುವಿಗೆ ಓದಲಿಲ್ಲ ಎಂದು ಹೇಳಲೇಬೇಕು. ಇದನ್ನು ಹೇಗೆ ಹೇಳುವುದು ಎಂಬುದಕ್ಕೆ ನಮ್ಮ ತಾಯಂದಿರ ಕೈಯಲ್ಲೇ ಉದಾಹರಣೆ ಉಂಟು. ಬೀಡಿ ಕಟ್ಟಿ ಬ್ರಾಂಚಿಗೆ ತೆಗೆದುಕೊಂಡು ಹೋಗುತ್ತೀರಿ. ಅಲ್ಲಿ ಕಟ್ಟು ನೋಡಿ, ಸರಿಯಿಲ್ಲದ ಬೀಡಿಗಳನ್ನು ತೆಗೆದು ಹಾಕುತ್ತಾರೆ. ಬೇಸರ ಆಗುತ್ತದೆ, ನಷ್ಟವೂ ಆಗುತ್ತದೆ. ಆದರೆ ಮನೆಗೆ ಬಂದು ನನ್ನ ಕೈಯೇ ಪ್ರಯೋಜನ ಇಲ್ಲ ಎಂದು ನೀವು ಕೂತುಕೊಳ್ಳುವುದಿಲ್ಲ. ಎಲೆ ಸರಿಯಾಗಿ ನೆನೆಯಲಿಲ್ಲವೋ, ಹೊಗೆಸೊಪ್ಪು ಹೆಚ್ಚು ಕಡಿಮೆ ಆಯಿತೋ, ನೂಲು ಸಡಿಲವಾಯಿತೋ ಎಂದು ನೋಡಿ ಮರುದಿನ ಮತ್ತೆ ಕಟ್ಟುತ್ತೀರಿ. ತಿರಸ್ಕಾರವಾದದ್ದು ಬೀಡಿ, ಕೈ ಅಲ್ಲ. ನಿಮಗೆ ಇಷ್ಟು ಚೆನ್ನಾಗಿ ಗೊತ್ತಿರುವ ಈ ವಿದ್ಯೆಯನ್ನು ಅಂಕಪಟ್ಟಿ ಹಿಡಿದು ಬಾಗಿಲಲ್ಲಿ ನಿಂತ ಮಗುವಿಗೆ ಕಲಿಸಿ ಎಂದಷ್ಟೇ ನಾವು ಕೇಳುತ್ತೇವೆ. ಯಾವ ಪಾಠ ತಪ್ಪಿತು, ಯಾವ ದಿನ ಓದಲಿಲ್ಲ, ಯಾರನ್ನು ಕೇಳಬೇಕು ಎಂದು ಕೂತು ನೋಡುವುದು ತಿದ್ದುವಿಕೆ. ನೀನು ಯಾಕೆ ಹುಟ್ಟಿದ್ದೋ ಎನ್ನುವುದು ತಿದ್ದುವಿಕೆ ಅಲ್ಲ.

ಬೆಲೆಯನ್ನು ಒಂದೇ ಗೂಟಕ್ಕೆ ಕಟ್ಟದೆ ಬದುಕಿದವರು ನಮ್ಮ ಹತ್ತಿರದಲ್ಲೇ ಇದ್ದರು. ಪುತ್ತೂರಿನ ಬಾಲವನ ಎಲ್ಲರಿಗೂ ಗೊತ್ತು. ಶಿವರಾಮ ಕಾರಂತರು ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟವರು, ಪದವಿ ಇಲ್ಲದವರು. ಪತ್ರಿಕೆ ನಡೆಸಿದರು, ಮೂಕಿ ಚಿತ್ರ ಮಾಡಿದರು, ಮುದ್ರಣಾಲಯ ನಡೆಸಿದರು. ಕೈಹಿಡಿಯದೆ ಹೋದ ಕೆಲಸಗಳು ಹಲವು. ಆದರೂ ಮಕ್ಕಳಿಗಾಗಿ ‘ಬಾಲ ಪ್ರಪಂಚ’ದಂಥ ದೊಡ್ಡ ಸಂಪುಟಗಳನ್ನು ಬರೆದರು. ಜ್ಞಾನಪೀಠ ಬಂದದ್ದು 1977ರಲ್ಲಿ, ಎಪ್ಪತ್ತೈದರ ವಯಸ್ಸಿನ ಹೊತ್ತಿಗೆ. ಇನ್ನೊಬ್ಬರು ಕಾಸರಗೋಡಿನ ಸಾರಾ ಅಬೂಬಕ್ಕರ್. 1936ರಲ್ಲಿ ಹುಟ್ಟಿದವರು, ಮುಸ್ಲಿಂ ಹುಡುಗಿಯರು ಪ್ರೌಢಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಅಲ್ಲಿಯವರೆಗೆ ಓದಿದರು. ಆಮೇಲೆ ಮದುವೆ, ಮನೆ, ಮಕ್ಕಳು. ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರುವಾಗ ಅವರಿಗೆ ನಲ್ವತ್ತು ದಾಟಿತ್ತು. ನಡುವಿನ ಅಷ್ಟು ವರ್ಷ ಯಾವ ವೇದಿಕೆಯೂ ಕರೆಯಲಿಲ್ಲ, ಯಾವ ಫ್ಲೆಕ್ಸೂ ಏಳಲಿಲ್ಲ. ಅವರ ಬೆಲೆ ಆ ವರ್ಷಗಳಲ್ಲಿ ಕಡಿಮೆ ಇತ್ತೇ? ನೀವೂ ಕಾರಂತರಾಗಿ, ಸಾರಾ ಆಗಿ ಎಂದು ಇನ್ನೊಂದು ಹೊರೆ ಹೊರಿಸಲು ಇದನ್ನು ಹೇಳುತ್ತಿಲ್ಲ, ಮಕ್ಕಳೇ. ಹದಿನಾರನೇ ವರ್ಷದ ಒಂದು ಕಾಗದದಲ್ಲಿ ಇಡೀ ಮನುಷ್ಯ ಹಿಡಿಸುವುದಿಲ್ಲ ಎಂದು ಹೇಳಲು ಹೇಳಿದೆವು.

ಈಗ ದಾನಿಗಳಲ್ಲಿ ಒಂದು ಬಿನ್ನಹ. ಕೊಟ್ಟು ಹಂಗಿಸಬಾರದು, ಕೊಟ್ಟದ್ದನ್ನು ಎತ್ತಿ ಆಡಿ ನೋಯಿಸಬಾರದು ಎಂದು ಚಿಕ್ಕಂದಿನಿಂದ ಕಲಿತವರು ನಾವು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನೂ ಕೇಳಿದ್ದೇವೆ. ಬಾಯಿಂದ ಹಂಗಿಸುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಕ್ರಮದಿಂದ ಹಂಗಿಸುವುದು ಉಂಟು. ವೇದಿಕೆಗೆ ಕರೆದು, ಬಡ ವಿದ್ಯಾರ್ಥಿ ಎಂದು ಮೈಕ್‌ನಲ್ಲಿ ಹೇಳಿ, ಚೆಕ್ಕಿನ ಒಂದು ತುದಿ ನಾವು ಹಿಡಿದು, ಇನ್ನೊಂದು ತುದಿ ಮಗುವಿಗೆ ಹಿಡಿಸಿ ಫೋಟೋ ತೆಗೆಸುತ್ತೇವೆ. ಆ ಫೋಟೋ ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಆ ದಿನ ಮಗುವಿನ ಶುಲ್ಕ ಕಟ್ಟಿದೆವು, ಅದರ ಕಾಲಡಿಯ ನೆಲವನ್ನು ಸ್ವಲ್ಪ ಅಲುಗಾಡಿಸಿದೆವು. ದಾನಿಗಳಲ್ಲಿ ಕೆಲವರು ವರ್ಷದ ಕೊನೆಗೆ ಕೇಳುತ್ತೀರಿ, ನಾವು ಕೊಟ್ಟ ಮಗುವಿಗೆ ಎಷ್ಟು ಬಂತು, ರ‍್ಯಾಂಕ್ ಉಂಟಾ ಎಂದು. ಕೇಳುವುದು ಪ್ರೀತಿಯಿಂದಲೇ. ಆದರೆ ನಿಮ್ಮ ಪ್ರಶ್ನೆ ಸಮಿತಿಗೆ ಬರುತ್ತದೆ, ಸಮಿತಿಯಿಂದ ಮನೆಗೆ ಹೋಗುತ್ತದೆ, ಮನೆಯಿಂದ ಮಗುವಿನ ತಲೆಗೆ ಹೋಗುತ್ತದೆ. ಅಲ್ಲಿ ತಲುಪುವಾಗ ಅದು ಪ್ರೀತಿಯ ಹಾಗೆ ಕೇಳುವುದಿಲ್ಲ. ಮುಂದೆ ಹೀಗೆ ಕೇಳಿ: ಮಗು ಓದು ಮುಂದುವರಿಸುತ್ತಿದೆಯಾ, ಏನಾದರೂ ತೊಂದರೆ ಉಂಟಾ?

ಸಮಿತಿ ಈ ವರ್ಷ ಕೆಲವು ಬದಲಾವಣೆಗಳನ್ನು ಒಪ್ಪಿದೆ. ವಿವರ ಈ ವರದಿಯ ವಿದ್ಯಾರ್ಥಿವೇತನ ಪ್ರಕಟಣೆಯಲ್ಲಿ ಇರುತ್ತದೆ, ಮುಖ್ಯವಾದದ್ದನ್ನು ಹೇಳುತ್ತೇವೆ. ಅಂಕ ಇಳಿಯಿತು ಎಂಬ ಒಂದೇ ಕಾರಣಕ್ಕೆ ಇನ್ನು ಮುಂದೆ ಯಾರ ವಿದ್ಯಾರ್ಥಿವೇತನವೂ ಅದೇ ವರ್ಷ ನಿಲ್ಲುವುದಿಲ್ಲ. ಅಂಕ ಇಳಿದ ಮಗುವಿನ ಮನೆಗೆ ಸಮಿತಿಯ ಒಬ್ಬರು ಹೋಗಿ ಮಾತಾಡುತ್ತಾರೆ. ಟ್ಯೂಷನ್ ಬೇಕೋ, ವಿಷಯ ಬದಲಿಸಬೇಕೋ, ಇಂಗ್ಲಿಷಿನ ತೊಂದರೆಯೋ ಎಂದು ಕೇಳುತ್ತಾರೆ. ಹಣ ನೇರವಾಗಿ ಬ್ಯಾಂಕ್ ಖಾತೆಗೆ ಹೋಗುತ್ತದೆ, ಫೋಟೋ ಇಲ್ಲ. ಇವತ್ತು ಮಕ್ಕಳು ಸಭೆಯಲ್ಲಿ ಎಲ್ಲರೊಡನೆ ಕೂತಿದ್ದಾರೆ. ಯಾರು ಪಡೆಯುವವರು, ಯಾರು ಕೊಡುವವರ ಮಕ್ಕಳು ಎಂದು ನೋಡಿದರೆ ಗೊತ್ತಾಗುವುದಿಲ್ಲ. ಇನ್ನು ನಮ್ಮ ಯಾವ ಪತ್ರದಲ್ಲೂ ಅರ್ಹತೆ ಇಲ್ಲ ಎಂಬ ಎರಡು ಪದ ಇರುವುದಿಲ್ಲ. ಹಣ ಸಾಲದೆ ಯಾರಿಗಾದರೂ ಕೊಡಲು ಆಗದಿದ್ದರೆ, ಈ ವರ್ಷ ನಮ್ಮಲ್ಲಿ ಹಣ ಸಾಲಲಿಲ್ಲ ಎಂದೇ ಬರೆಯುತ್ತೇವೆ. ಕೊರತೆ ನಮ್ಮದು, ಮಗುವಿನದ್ದಲ್ಲ.

ಇದರಿಂದ ಮಕ್ಕಳು ಉದಾಸೀನ ಆಗುತ್ತಾರೆ ಎಂದು ಸಮಿತಿಯಲ್ಲೇ ಕೆಲವರು ಹೇಳಿದರು. ನ್ಯಾಯವಾದ ಸಂಶಯವೇ. ನಮ್ಮ 33 ವರ್ಷದ ಅನುಭವ ಇಷ್ಟು: ಬಿದ್ದರೆ ಎಲ್ಲವೂ ಹೋಯಿತು ಎಂದು ಹೆದರುವ ಮಗು ಕಷ್ಟದ ಲೆಕ್ಕಕ್ಕೆ ಕೈಯೇ ಹಾಕುವುದಿಲ್ಲ, ಗೊತ್ತಿಲ್ಲ ಎಂದು ಕೈ ಎತ್ತುವುದಿಲ್ಲ. ಬಿದ್ದರೂ ಮನೆ ನನ್ನದೇ ಎಂದು ಗೊತ್ತಿರುವ ಮಗು ಇನ್ನೊಮ್ಮೆ ಹತ್ತಿ ನೋಡುತ್ತದೆ. ಆದರೂ ಇದು ಒಂದು ಪ್ರಯತ್ನ. ಎರಡು ವರ್ಷ ನೋಡಿ, ಲೆಕ್ಕವನ್ನು ಇದೇ ಸಭೆಯ ಮುಂದೆ ಇಡುತ್ತೇವೆ.

ತಾಯಿತಂದೆಯರೇ, ಸಣ್ಣ ಏರಿಳಿತ ಎಲ್ಲ ಮಕ್ಕಳಿಗೂ ಉಂಟು, ಅದಕ್ಕೆ ಹೆದರಬೇಡಿ. ಆದರೆ ಮಗು ವಾರಗಟ್ಟಲೆ ಊಟ ನಿದ್ದೆ ಬಿಟ್ಟರೆ, ಗೆಳೆಯರಿಂದ ದೂರವಾದರೆ, ನಾನು ಇದ್ದು ಏನು ಪ್ರಯೋಜನ ಎಂಬ ಮಾತಾಡಿದರೆ ಅದನ್ನು ನಾಟಕ ಎನ್ನಬೇಡಿ. ಡಾಕ್ಟರಿಗೆ ತೋರಿಸಿ. ಜ್ವರಕ್ಕೆ ತೋರಿಸಿದ ಹಾಗೆಯೇ ಇದೂ. ಟೆಲಿ ಮಾನಸ್ ಎಂಬ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ದೇಶದಾದ್ಯಂತ ಇದೆ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಸಂಖ್ಯೆ 14416. ದುಡ್ಡು ಇಲ್ಲ, ಕನ್ನಡದಲ್ಲಿ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಈ ಎರಡನ್ನೂ ಫಲಿತಾಂಶ ಬರುವ ಮೊದಲೇ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಕೊನೆಯದಾಗಿ, ಆ ಹುಡುಗಿಯ ವಿಷಯ. ಎರಡು ವರ್ಷ ಮನೆಯಲ್ಲಿದ್ದಳು. ಆಮೇಲೆ ಪಿಯುಸಿ ಕಾಮರ್ಸ್ ಮುಗಿಸಿ ಈಗ ಬಿ.ಕಾಂ. ಓದುತ್ತಿದ್ದಾಳೆ. ಅವಳನ್ನು ಮತ್ತೆ ಕಾಲೇಜಿಗೆ ಕಳಿಸಿದ್ದು ಅವಳ ಉಮ್ಮ, ನಾವಲ್ಲ. ನಾವು ಹೋಗಿ ಕ್ಷಮೆ ಕೇಳಿದೆವು. ವಿದ್ಯಾರ್ಥಿವೇತನ ಮತ್ತೆ ಕೊಡುತ್ತೇವೆ ಎಂದೆವು. ಬೇಡ ಸರ್, ಅದನ್ನು ಬೇರೆ ಯಾರಿಗಾದರೂ ಕೊಡಿ ಎಂದಳು. ಸಿಟ್ಟಿನಿಂದ ಹೇಳಿದಳೋ, ಗಟ್ಟಿಯಾದ್ದರಿಂದ ಹೇಳಿದಳೋ ನಮಗೆ ಇವತ್ತಿಗೂ ಗೊತ್ತಾಗಿಲ್ಲ. ಈ ಸಂಗತಿಯನ್ನು ಸಭೆಯಲ್ಲಿ ಹೇಳಬಹುದಾ ಎಂದು ಕೇಳಿದಾಗ ಮಾತ್ರ ಒಪ್ಪಿದಳು. ‘ಹೆಸರು ಬೇಡ. ಪತ್ರದ ವಿಷಯ ಹೇಳಿ’ ಎಂದಳು. ಹೇಳಿದ್ದೇವೆ.

ಮಕ್ಕಳೇ, ನಿಮ್ಮ ಕೈಗೆ ಇಂದು ಬರುವ ಹಣ ನೀವು ತೆಗೆದ ಅಂಕಕ್ಕೆ ಸಿಕ್ಕ ಬಹುಮಾನ ಎಂದುಕೊಳ್ಳಬೇಡಿ. ನೀವು ನಮ್ಮ ಮಕ್ಕಳು, ಅದಕ್ಕಾಗಿ ಇದು. ಮುಂದಿನ ವರ್ಷ ಅಂಕ ಹೆಚ್ಚಾದರೂ ಬನ್ನಿ, ಕಡಿಮೆಯಾದರೂ ಬನ್ನಿ. ಕಡಿಮೆಯಾದರೆ ಮೊದಲು ಬನ್ನಿ.